ಐದನೇ ಅಂಗಕ್ಕೊಂದು ಉದಾಹರಣೆ

ತರೀಕೆರೆಯ ನಮ್ಮ ಬಸದಿಯಲ್ಲಿ ಭಾನುವಾರದ ಮಕ್ಕಳ ಪಾಠ ಆರು ವರ್ಷದಿಂದ ನನ್ನದು. ಅದೀಗ ಕೈತಪ್ಪುವುದರಲ್ಲಿತ್ತು. ಧನುಶ್ರೀ ಎಂಬ ತರಲೆ ಹುಡುಗಿ, "ಮಿಸ್, ಮೋಕ್ಷ ನೋಡ್ಕೊಂಡು ವಾಪಸ್ ಬಂದೋರು ಯಾರಿದಾರೆ?" ಎಂದು ಕೇಳಿದಾಗ ನಾನು, "ಯಾರೂ ಇಲ್ಲ ಕಣೇ, ನಂಗೂ ಆಗಾಗ ಅನುಮಾನ ಬರುತ್ತೆ," ಎಂದುಬಿಟ್ಟಿದ್ದೆ. ಕಂಬದ ಹಿಂದೆ ಬಸದಿಯ ಕಾರ್ಯದರ್ಶಿ, ನನಗೆ ದೂರದ ದೊಡ್ಡಪ್ಪನಾಗಬೇಕಾದ ಪದ್ಮರಾಜಯ್ಯ ನಿಂತಿದ್ದರು.

"ಸಮ್ಯಕ್ ದರ್ಶನ ಅಂದ್ರೆ ಅಲ್ಲಾಡದ ನಂಬಿಕೆ ಕಣಮ್ಮ ಪ್ರತಿಮಾ. ಅದಿಲ್ದೋಳು ಮಕ್ಳಿಗೇನು ಹೇಳ್ಕೊಡ್ತೀಯ? ಬರೋ ಭಾನುವಾರ ಎಲ್ರ ಮುಂದೆ ತೀರ್ಮಾನ ಆಗ್ಲಿ," ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಶನಿವಾರ ಅಜ್ಜಂಪುರದಲ್ಲಿ ಚಿಕ್ಕಮ್ಮನನ್ನು ನೋಡಿಕೊಂಡು ವಾಪಸು ಬರಲು ಬಸ್ ಹತ್ತಿ ಕೂತಿದ್ದೆ. ಕಿಟಕಿಯ ಕೆಳಗೇ ಗಿಣಿಶಾಸ್ತ್ರದವನು. ಅವನೆದುರು ಕುಕ್ಕರಗಾಲಲ್ಲಿ ನಮ್ಮ ದೊಡ್ಡಪ್ಪ!

"ಕಾರ್ಯದರ್ಶಿ ಪದವಿ ಈ ಸಲನೂ ನಂಗೇ ಉಳಿಯುತ್ತಾ, ಕೇಳಪ್ಪ," ಎನ್ನುತ್ತಿದ್ದರು.

ಗಿಣಿ ಚೀಟಿ ಎಳೆಯಿತು. ದೊಡ್ಡಪ್ಪ ಗಿಣಿಗೇ ಕೈಮುಗಿದರು. ಕಂಡಕಂಡದ್ದಕ್ಕೆ ಕೈಮುಗಿಯುವುದು ಮೂಢತೆ ಎಂದು ವರ್ಷವಿಡೀ ಗಂಟಲು ಹರಿದುಕೊಳ್ಳುವ ಮನುಷ್ಯ! ಸದ್ದಿಲ್ಲದೆ ಫೋಟೊ ತೆಗೆದೆ. ತರೀಕೆರೆ ಬರುವವರೆಗೂ ಅದನ್ನು ನೋಡಿ ನೋಡಿ ನಕ್ಕೆ.

ಭಾನುವಾರ ಬಸದಿಯ ಜಗಲಿ ತುಂಬಿತ್ತು. ದೊಡ್ಡಪ್ಪನೇ ಪರೀಕ್ಷೆಗಿಳಿದರು.

"ಸಮ್ಯಕ್ ದರ್ಶನಕ್ಕೆ ಎಂಟು ಅಂಗ. ಐದನೇದು ಯಾವ್ದು?"

"ಉಪಗೂಹನ. ಇನ್ನೊಬ್ರ ತಪ್ಪನ್ನ ಊರಿಗೆಲ್ಲ ಸಾರದೆ ಮುಚ್ಚೋದು."

"ಬಾಯಿಪಾಠ ಯಾರು ಬೇಕಾದ್ರೂ ಒಪ್ಪಿಸ್ತಾರೆ. ಉದಾಹರಣೆ ಕೊಡು."

ಫೋನು ನನ್ನ ಕೈಯಲ್ಲೇ ಇತ್ತು. ತೋರಿಸಿದ್ದರೆ ಅವತ್ತಿಗೇ ಅವರ ಪದವಿ ಮುಗಿಯುತ್ತಿತ್ತು. ನಾಲಿಗೆ ತುರಿಸುತ್ತಿತ್ತು, ಸುಳ್ಳೇಕೆ ಹೇಳಲಿ.

"ಉದಾಹರಣೆ ಇದೆ ದೊಡ್ಡಪ್ಪ. ನಿನ್ನೆ ಅಜ್ಜಂಪುರದ ಬಸ್‌ಸ್ಟ್ಯಾಂಡಲ್ಲೇ ಸಿಕ್ತು. ಆದ್ರೆ ಹೇಳ್ಬಿಟ್ರೆ ಅದು ಉಪಗೂಹನ ಆಗಲ್ವಲ್ಲ?"

ದೊಡ್ಡಪ್ಪನ ಮುಖ ಬಿಳಿಚಿಕೊಂಡಿತು. ನನ್ನ ಜಾಣತನಕ್ಕೆ ಜನ ಭೇಷ್ ಎಂದರು. "ಸಾಕು, ಪಾಠ ಅವಳೇ ಮಾಡ್ಲಿ," ಎಂದು ದೊಡ್ಡಪ್ಪ ಎದ್ದರು.

ಎಲ್ಲರೂ ಹೋದ ಮೇಲೆ ಬಾಗಿಲ ಬಳಿ ಚಪ್ಪಲಿ ಹುಡುಕುವವರಂತೆ ನಿಂತು, ತಲೆಯೆತ್ತದೆ ಕೇಳಿದರು: "ಮುಚ್ಚಿದ್ದು ದೊಡ್ಡದು ಕಣಮ್ಮ. ಅಜ್ಜಂಪುರ ಅನ್ನೋ ಹೆಸ್ರು ಬೇಕಿತ್ತಾ?"

ಬೇಕಿರಲಿಲ್ಲ. ಮುಚ್ಚುವ ನೆಪದಲ್ಲಿ ಚುಚ್ಚಿದ್ದೆ, ಚುಚ್ಚುವಾಗ ಸಿಹಿ ತಿಂದಷ್ಟು ಖುಷಿಪಟ್ಟಿದ್ದೆ. ಈಗ ನಾಚಿಕೆಯಾಯಿತು.

"ತಪ್ಪಾಯ್ತು ದೊಡ್ಡಪ್ಪ," ಎಂದು ಅವರೆದುರೇ ಫೋಟೊ ಅಳಿಸಿದೆ. ಭೇಷ್ ಎನ್ನಲು ಅಲ್ಲಿ ಯಾರೂ ಇರಲಿಲ್ಲ.