ಕೆರೆ ದೋಣಿಯ ಮೋಟಾರು ಬೆಳಿಗ್ಗೆ ಯಾಕೆ ಇಳಿಯುತ್ತಿರಲಿಲ್ಲ

ಸೆಕೆಂಡ್ ಹ್ಯಾಂಡ್ ಮಿಷನ್ನು ಊರಿಗೆ ಬಂದರೆ ಅದರ ಹಿಂದೆಯೇ ಅರ್ಧ ಊರು ಮೆಕ್ಯಾನಿಕ್ ಆಗಿಬಿಡುತ್ತದೆ. ಪಂಪ್‌ಸೆಟ್ಟಿರಲಿ, ಟಿಲ್ಲರ್ ಇರಲಿ, ಕೆಟ್ಟು ನಿಂತದ್ದೇ ತಡ, ಒಬ್ಬ ತಟ್ಟುತ್ತಾನೆ, ಒಬ್ಬ ತಿರುಗಿಸುತ್ತಾನೆ, ಇನ್ನೊಬ್ಬ ಮಾರಿದವನ ವಂಶವನ್ನೆಲ್ಲ ಜಾಲಾಡುತ್ತಾನೆ. ಏನು ಕೆಟ್ಟಿದೆ ಎಂದು ನೋಡುವವನು ಮಾತ್ರ ಸಿಗುವುದಿಲ್ಲ. ಗುಬ್ಬಿ ಕಡೆಯ ಒಂದು ಕೆರೆಯೂರಿನ ಸಿದ್ದಗಂಗಯ್ಯನಿಗೆ 2006ರ ಜನವರಿ ತಿಂಗಳು ಹೀಗೇ ಮೈ ಪರಚಿಕೊಳ್ಳುವಂತಾಯಿತು.

ಹಿಂದಿನ ಮಳೆಗಾಲದಲ್ಲಿ ಆ ಊರ ಕೆರೆ ಕೋಡಿ ಬಿದ್ದಿತ್ತು. ಆಚೆ ದಡದ ಪಾಳ್ಯಕ್ಕೆ ಹೋಗುವ ರಸ್ತೆ ನೀರಿನಡಿ ಸೇರಿತು. ಪಾಳ್ಯದವರು ಗುಬ್ಬಿ ಬಸ್ಸು ಹಿಡಿಯಬೇಕಾದರೆ ಕೆರೆ ದಾಟಬೇಕು, ಇಲ್ಲವೇ ಎಂಟು ಮೈಲಿ ಸುತ್ತಬೇಕು. ಸಿದ್ದಗಂಗಯ್ಯನ ಹೆಂಡತಿ ಪುಟ್ಟತಾಯಮ್ಮನ ಸ್ತ್ರೀಶಕ್ತಿ ಸಂಘದವರು ಧೈರ್ಯ ಮಾಡಿ ಕರಾವಳಿಯಿಂದ ಹಳೆಯ ಫೈಬರ್ ದೋಣಿಯನ್ನೂ ಅದರ ಹಿಂಬದಿಗೆ ಕೂರಿಸುವ ಹಳೆಯ ಮೋಟಾರನ್ನೂ ತರಿಸಿದರು. ದೋಣಿ ನಡೆಸುವ ಕೆಲಸ ಸಿದ್ದಗಂಗಯ್ಯನ ಪಾಲಿಗೆ ಬಂತು.

ಆ ಮೋಟಾರಿಗೆ ಪವರ್ ಟ್ರಿಮ್ ಎಂಬುದೊಂದಿತ್ತು. ಊರವರು ಅದನ್ನು ಅಪ್-ಡೌನ್ ಎನ್ನುತ್ತಿದ್ದರು. ಸ್ವಿಚ್ಚಿನ ಒಂದು ತುದಿ ಒತ್ತಿದರೆ ಮೋಟಾರು ನೀರಿನಿಂದ ಮೇಲೇಳುತ್ತದೆ, ಇನ್ನೊಂದು ತುದಿ ಒತ್ತಿದರೆ ನೀರಿಗಿಳಿಯುತ್ತದೆ. ದಡದ ಹತ್ತಿರ ಜೊಂಡು, ಕೆಸರು. ಮೋಟಾರು ಎತ್ತಿಕೊಳ್ಳದಿದ್ದರೆ ಅದರ ತುದಿಯಲ್ಲಿ ನೀರು ತಳ್ಳುವ ಫ್ಯಾನು ಸಿಕ್ಕಿಕೊಂಡು ಮುರಿಯುತ್ತದೆ. ಆದ್ದರಿಂದ ರಾತ್ರಿಯೆಲ್ಲ ಅದು ಮೇಲೆದ್ದೇ ಇರಬೇಕು, ಬೆಳಿಗ್ಗೆ ಇಳಿಯಬೇಕು.

ಬೆಳಿಗ್ಗೆ ಇಳಿಯುತ್ತಲೇ ಇರಲಿಲ್ಲ. ಅದೇ ರಗಳೆ.

ಏಳು ಗಂಟೆಗೆ ಸ್ವಿಚ್ಚು ಒತ್ತಿದರೆ ಒಳಗೆ ಗೊರ್ ಎಂದು ನರಳುವುದು, ಅಷ್ಟೇ. ಮಧ್ಯಾಹ್ನ ಹೋಗಿ ಒತ್ತಿದರೆ ಮಾತು ಕೇಳುವ ಮಗುವಿನ ಹಾಗೆ ಸರಾಗವಾಗಿ ಇಳಿಯುವುದು. ರಿಪೇರಿಯವನು ಬಂದಾಗೆಲ್ಲ ಸರಿ ಇರುವ, ಅವನು ಹೋದ ಮೇಲೆ ಕೆಡುವ ಮಿಷನ್ನಿಗಿಂತ ಕೆಟ್ಟ ಶತ್ರು ಮನುಷ್ಯನಿಗೆ ಇನ್ನೊಂದಿಲ್ಲ. ಊರ ಹಿರಿಯ ದೊಡ್ಡರಂಗಯ್ಯ ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು ಕಟ್ಟಿಸಿದ. ಪಂಪ್‌ಸೆಟ್ ರಿಪೇರಿಯ ಹೊನ್ನಯ್ಯ ಬ್ಯಾಟರಿ ಸತ್ತಿದೆ ಎಂದು ಹೊಸದು ಹಾಕಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಮರುದಿನ ಬೆಳಿಗ್ಗೆ ಮತ್ತೆ ಗೊರ್. ಸಿದ್ದಗಂಗಯ್ಯ ಎಸ್‌ಟಿಡಿ ಬೂತಿಗೆ ಹೋಗಿ ಮೋಟಾರು ಮಾರಿದವನಿಗೆ ಬಾಯಿಗೆ ಬಂದಂತೆ ಬೈದು ಬಂದ. ಅದರಿಂದ ಗಂಟಲು ಕಟ್ಟಿತೇ ಹೊರತು ಮೋಟಾರು ಇಳಿಯಲಿಲ್ಲ.

ಇಳಿಯದ ದಿನ ಬಿದಿರು ಗಳ ಹಿಡಿದು ದೋಣಿ ತಳ್ಳಬೇಕು. ಆಚೆ ದಡ ಮುಟ್ಟುವಷ್ಟರಲ್ಲಿ ಬಸ್ಸು ಗುಬ್ಬಿ ಸೇರಿರುತ್ತಿತ್ತು. ಅಲ್ಲಿ ಪುಸ್ತಕದ ಚೀಲ ಎದೆಗವುಚಿಕೊಂಡು ತ್ರಿವೇಣಿ ಕಾಯುತ್ತಿದ್ದಳು. ಎಸ್ಸೆಸ್ಸೆಲ್ಸಿ ಹುಡುಗಿ. ಸೋಮವಾರದಿಂದ ಅವಳಿಗೆ ಪ್ರಿಪರೇಟರಿ ಪರೀಕ್ಷೆ.

ಶನಿವಾರ ಅವಳ ತಾಯಿ ನರಸಿಂಹಮ್ಮ ದೋಣಿಯಲ್ಲೇ ಈಚೆಗೆ ಬಂದು ನೇರವಾಗಿ ಹೇಳಿದಳು.

"ಸಿದ್ದಗಂಗಣ್ಣ, ನಿನ್ನ ದೋಣಿ ನಂಬ್ಕಂಡು ನನ್ ಮಗ್ಳು ಈ ವಾರ ಮೂರು ದಿನ ಬಸ್ ತಪ್ಪಿಸ್ಕಂಡವ್ಳೆ. ನಡು ಕೆರೇಲಿ ನಿಂತೋದ್ರೆ ಯಾರ್ ಹೊಣೆ? ಓದಿದ್ದು ಸಾಕು, ಮನೇಲಿರ್ಲಿ ಬುಡು."

"ಇನ್ನೊಂದ್ ದಿನ ತಡ್ಕೋ ಕಣಕ್ಕ. ಮಾಡುಸ್ತೀನಿ."

"ಹದಿನೈದು ದಿನದಿಂದ ಇದೇ ಮಾತಾಡ್ತಿದ್ದೀಯ," ಎಂದು ಅವಳು ಸೆರಗು ಬಿಗಿದುಕೊಂಡಳು.

ಸಿದ್ದಗಂಗಯ್ಯನಿಗೆ ಮೋಟಾರನ್ನು ಎತ್ತಿ ಕೆರೆಗೇ ಎಸೆದುಬಿಡಬೇಕೆನ್ನಿಸಿತು. ಆ ಹುಡುಗಿಯ ಓದು ತನ್ನ ಕೈಯಿಂದ ನಿಂತುಹೋಗುತ್ತದಲ್ಲ ಎಂಬ ಯೋಚನೆಯೂ ಅವನನ್ನು ಬಿಡಲಿಲ್ಲ.

ಅಂದು ಸಂಜೆ ತುಮಕೂರಿನ ಸದಾಶಿವನಗರದಿಂದ ಅವನ ಅಕ್ಕನ ಮಗಳು ಪ್ರೇಮಲತಾ ಬಂದಳು. ಅವಳು ಐಟಿಐನಲ್ಲಿ ಮಿಷನ್ ಕೆಲಸ ಕಲಿಸುವ ಮೇಡಂ. ಕರೆಸಿದವಳು ಪುಟ್ಟತಾಯಮ್ಮ. "ಹೆಣ್ ಹುಡ್ಗಿ ಬಂದು ಏನ್ ನೋಡ್ತಾಳೆ" ಎಂದು ಸಿದ್ದಗಂಗಯ್ಯ ಗೊಣಗಿದ. ಆದರೂ ಭಾನುವಾರ ಬೆಳಿಗ್ಗೆ ಏಳಕ್ಕೆ ಅವಳ ಹಿಂದೆ ಕೆರೆಗೆ ಹೋದ. ಪುಟ್ಟತಾಯಮ್ಮನೂ ಜೊತೆಗೆ ಬಂದಳು.

ಪ್ರೇಮಲತಾ ಬಂದವಳೇ ಸ್ಪ್ಯಾನರ್ ಹಿಡಿಯಲಿಲ್ಲ. ಕೇಳತೊಡಗಿದಳು.

"ಮಾವ, ಮೇಲಕ್ಕೆ ಹೋಗುತ್ತಾ?"

"ಸಂಜೆ ಹೋಗುತ್ತೆ. ಬೆಳಿಗ್ಗೆ ಎರಡೂ ಇಲ್ಲ."

"ಸ್ವಿಚ್ ಒತ್ತಿ." ಒಳಗೆ ಗೊರ್ ಎಂದಿತು. "ಸರಿ, ಕರೆಂಟ್ ಬರ್ತಿದೆ. ಹೊಸ ಬ್ಯಾಟರಿ ದಂಡ ಮಾಡ್ಕೊಂಡ್ರಿ. ಹಳೇದಕ್ಕೆ ವೈರ್ ಕಚ್ಚೋ ಜಾಗ ತೊಳೆದು ನೋಡಿದ್ರಾ?"

"ಇಲ್ಲ."

"ಫ್ಯೂಸು?"

"ಎರಡ್ ಸಲ ಹೋಗಿತ್ತು. ಹೊನ್ನಯ್ಯ ತಾಮ್ರದ ತಂತಿ ಸುತ್ತವ್ನೆ. ಆಮೇಲೆ ಹೋಗಿಲ್ಲ ನೋಡು." ಇದನ್ನು ಅವನು ತುಸು ಹೆಮ್ಮೆಯಿಂದಲೇ ಹೇಳಿದ.

ಪ್ರೇಮಲತಾ ಕಣ್ಣು ಮುಚ್ಚಿ ತೆರೆದಳು. "ಮಾವ, ಒಳಗೆ ಏನೋ ಬಿಗಿ ಹಿಡಿದಿದೆ ಅಂತ ಹೇಳೋಕೇ ಫ್ಯೂಸ್ ಹೋಗೋದು. ಹೇಳೋನ ಬಾಯಿಗೆ ಬಟ್ಟೆ ತುರುಕಿದ್ದೀರ. ಇನ್ನೊಂದ್ ನಾಕ್ ದಿನ ಹೋಗಿದ್ರೆ ವೈರ್ ಹತ್ಕೊಂಡು ಉರೀತಿತ್ತು. ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್ ಇಟ್ಕೊಂಡಿದ್ದೀರ."

ಸಿದ್ದಗಂಗಯ್ಯ ಬಗ್ಗಿ ಮೋಟಾರಿನ ಅಡಿಗೆ ಕೈ ಹಾಕಲು ಹೋದ. ಅವಳು ರಟ್ಟೆ ಹಿಡಿದು ಹಿಂದಕ್ಕೆಳೆದಳು. ಎತ್ತಿದ ಮೋಟಾರು ಬೀಳದಂತೆ ತಡೆಯುವ ಕಬ್ಬಿಣದ ಕೊಕ್ಕೆಯೊಂದು ಅಲ್ಲೇ ಇತ್ತು. ಅದನ್ನು ಹಾಕಬೇಕೆಂದು ಅವನಿಗೆ ಇಷ್ಟು ದಿನ ಗೊತ್ತೇ ಇರಲಿಲ್ಲ.

"ಇದು ಹಾಕ್ದೆ ಇದರ ಕೆಳಗೆ ಕೈಯೂ ಬೇಡ, ಕಾಲೂ ಬೇಡ. ಬೆರಳಲ್ಲ, ಮುಂಗೈಯೇ ಹೋಗುತ್ತೆ," ಎಂದು ಅವಳೇ ಕೊಕ್ಕೆ ಸಿಕ್ಕಿಸಿದಳು. "ಟಿಪ್ಪರ್ ಲಾರಿ ತೊಟ್ಟಿ ಎತ್ತುತ್ತಲ್ಲ, ಹಂಗೇ ಇದೂ. ಎಣ್ಣೆ ತಳ್ಳಿದ್ರೆ ಎತ್ತುತ್ತೆ, ಎಣ್ಣೆ ವಾಪಸ್ ಬಂದ್ರೆ ಇಳಿಯುತ್ತೆ. ಎಣ್ಣೆ ನೋಡಿದ್ರಾ?"

"ನೋಡ್ದೆ ಇರ್ತೀನಾ. ದೀಪಾವಳಿ ಹೊತ್ಗೆ ಕಮ್ಮಿಯಾಗಿತ್ತು, ತುಂಬಿದೀನಿ. ಆಮೇಲೂ ಎರಡ್ ಮೂರ್ ಸಲ."

ಅವಳು ಎಣ್ಣೆ ತುಂಬುವ ಮುಚ್ಚಳ ಬಿಚ್ಚಿದಳು. ಒಳಗೆ ಎಣ್ಣೆ ಇರಲಿಲ್ಲ, ಬೆಳ್ಳಗೆ ಗಟ್ಟಿಯಾದ ಏನೋ ಇತ್ತು. ಕಡ್ಡಿಯಿಂದ ತುಸು ಕೆರೆದು ಮೂಗಿಗೆ ಹಿಡಿದಳು. ಮಾವನ ಮುಖ ನೋಡಿದಳು.

"ಮಾವ, ಯಾವ ಎಣ್ಣೆ ಹಾಕಿದ್ರಿ?"

"ನಮ್ ತೋಟದ ಕೊಬ್ರಿ, ಗಾಣದಲ್ಲಿ ಆಡಿಸಿದ್ದು. ಒಂದ್ ತೊಟ್ಟು ಕಲಬೆರಕೆ ಇಲ್ಲ ಕಣವ್ವ. ಅಂಗಡೀಲಿ ಸಿಗೋ ಕಚಡಾ ಎಣ್ಣೆ ಯಾಕೆ ಹಾಕ್ಲಿ?"

ಪ್ರೇಮಲತಾ ದೋಣಿಯ ಅಂಚಿನ ಮೇಲೆ ಕುಳಿತುಬಿಟ್ಟಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಗುವ ಕೆಲಸವನ್ನು ಪುಟ್ಟತಾಯಮ್ಮ ಮಾಡಿದಳು, ಆದರೆ ಆ ನಗುವಿನಲ್ಲಿ ಸಿಟ್ಟೇ ಹೆಚ್ಚಿತ್ತು.

"ಚಳಿಗಾಲದಲ್ಲಿ ತಲೆಗೆ ಹಚ್ಚೋ ಎಣ್ಣೇನ ದಿನಾ ಬಚ್ಚಲೊಲೆ ಮುಂದೆ ಇಟ್ಟು ಕರಗುಸ್ತೀರಲ್ಲ. ಹೆಪ್ಪುಗಟ್ಟುತ್ತೆ ಅಂತ ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು. ತೆಂಗಿನ ಸೀಮೆಯಲ್ಲಿ ಹುಟ್ಟಿ ಐವತ್ತೆಂಟು ವರ್ಷವಾಗಿತ್ತು. ಆದರೆ ತಲೆಗೆ ಹಚ್ಚುವಾಗ ಇದ್ದ ಬುದ್ಧಿ ಮೋಟಾರಿಗೆ ಹುಯ್ಯುವಾಗ ಇರಲಿಲ್ಲ. ಮಳೆಗಾಲ ಮುಗಿಯುವಾಗ ಸೆಕೆಗೆ ನೀರಾಗಿದ್ದ ಎಣ್ಣೆ ಪುಷ್ಯದ ಚಳಿಗೆ ರಾತ್ರಿ ಗಟ್ಟಿಯಾಗಿ, ಬಿಸಿಲೇರಿದ ಮೇಲೆ ಕರಗುತ್ತಿತ್ತು. ಬೈಸಿಕೊಂಡವನು ಮಾತ್ರ ಕರಾವಳಿಯ ಆ ಪಾಪದ ವ್ಯಾಪಾರಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

"ಹಂಗಾದ್ರೆ ಬೆಳಿಗ್ಗೆ ಎರಡು ತೆಂಗಿನಗರಿ ಹಚ್ಚಿ ಬಿಸಿ ಮುಟ್ಟುಸಿದ್ರೆ ಆಯ್ತು," ಎಂದ ಸಿದ್ದಗಂಗಯ್ಯ, ಮುಖ ಎತ್ತದೆ.

"ಪೆಟ್ರೋಲ್ ಪಕ್ಕ ಬೆಂಕೀನಾ? ಸುಮ್ನಿರಿ ಮಾವ," ಎಂದಳು ಪ್ರೇಮಲತಾ. "ಮೋಟಾರ್ ಜೊತೆ ಪುಸ್ತಕ ಕೊಟ್ಟಿರ್ಬೇಕಲ್ಲ. ಎಲ್ಲಿ?"

ಪುಸ್ತಕ ದೇವರ ಮನೆಯಲ್ಲಿತ್ತು. ಆಯುಧಪೂಜೆಗೆ ಅರಿಶಿನ ಕುಂಕುಮ ಹಚ್ಚಿ ಇಟ್ಟವರು ಬಿಚ್ಚಿ ನೋಡಿರಲಿಲ್ಲ. ಯಾವ ಎಣ್ಣೆ, ಎಷ್ಟು, ಯಾವಾಗ ನೋಡಬೇಕು ಎಂದು ಅದರಲ್ಲಿ ಚಿತ್ರ ಸಮೇತ ಇತ್ತು. ಕೈಯಿಂದಲೇ ಮೋಟಾರು ಇಳಿಸಲು ಪಕ್ಕದಲ್ಲೊಂದು ಸ್ಕ್ರೂ ಇದೆ ಎಂಬುದೂ ಇತ್ತು. ಎಣ್ಣೆ ಕಲ್ಲಾಗಿದ್ದಾಗ ಆ ಸ್ಕ್ರೂ ಸಹ ಏನೂ ಮಾಡಲಾರದು ಎಂದು ಪ್ರೇಮಲತಾ ಹೇಳಿದಳು.

ಪ್ರೇಮಲತಾ, ಸಿದ್ದಗಂಗಯ್ಯ ಇಬ್ಬರೂ ಮೊಪೆಡ್ಡಿನಲ್ಲಿ ತುಮಕೂರಿಗೆ ಹೋಗಿ ಪುಸ್ತಕದಲ್ಲಿ ಹೇಳಿದ ಎಣ್ಣೆ, ಸರಿಯಾದ ಅಳತೆಯ ಫ್ಯೂಸು, ಮುಚ್ಚಳದ ರಬ್ಬರ್ ರಿಂಗು ತಂದರು. ಹಳೆಯ ರಿಂಗು ಹರಿದಿತ್ತು. ಎಣ್ಣೆ ಸೋರಿದ್ದೇ ಅಲ್ಲಿ. ಮೂರು ನಾಲ್ಕು ಸಲ ಎಣ್ಣೆ ತುಂಬಿದ ಮನುಷ್ಯ ಯಾಕೆ ಕಡಿಮೆಯಾಯಿತು ಎಂದು ಒಂದು ಸಲವೂ ನೋಡಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕೊಬ್ಬರಿ ಎಣ್ಣೆ ಕರಗಿದಾಗ ಅದನ್ನೆಲ್ಲ ಹೊರಗೆ ತೆಗೆದು, ಹೊಸ ಎಣ್ಣೆಯಿಂದ ಒಂದು ಸಲ ತೊಳೆದು, ಆಮೇಲೆ ತುಂಬಿದರು. ಒಳಗಿನ ಗಾಳಿ ಹೋಗಲಿ ಎಂದು ನಾಲ್ಕೈದು ಬಾರಿ ಎತ್ತಿ ಇಳಿಸಿ, ಕಡಿಮೆಯಾದಷ್ಟು ಮತ್ತೆ ಹಾಕಿದರು.

ಸೋಮವಾರ ಬೆಳಿಗ್ಗೆ ಏಳಕ್ಕೆ ಕೆರೆಯ ಮೇಲೆ ಮಂಜು ಕವಿದಿತ್ತು. ಸಿದ್ದಗಂಗಯ್ಯ ಸ್ವಿಚ್ಚು ಒತ್ತಿದ. ಮೋಟಾರು ಮಾತಿಲ್ಲದೆ ನೀರಿಗಿಳಿಯಿತು.

ಆಚೆ ದಡದಲ್ಲಿ ತ್ರಿವೇಣಿ ಸಮವಸ್ತ್ರದಲ್ಲಿ ನಿಂತಿದ್ದಳು. ನರಸಿಂಹಮ್ಮ ಅವಳ ಕೈ ಬಿಟ್ಟಿರಲಿಲ್ಲ.

"ಏನಾಗಿತ್ತು ಮೋಟಾರ್ಗೆ?"

ಏನೋ ಪಾರ್ಟು ಹೋಗಿತ್ತು, ಹಾಕಿಸಿದೆ ಎಂಬ ಮಾತು ಸಿದ್ದಗಂಗಯ್ಯನ ನಾಲಿಗೆ ತುದಿಯವರೆಗೂ ಬಂತು. ದೋಣಿಯಲ್ಲಿ ಪುಟ್ಟತಾಯಮ್ಮ ಇದ್ದಳು, ಪ್ರೇಮಲತಾ ಇದ್ದಳು, ದಡದಲ್ಲಿ ಇನ್ನೂ ಎಂಟು ಜನ ಕಿವಿಗೊಟ್ಟು ನಿಂತಿದ್ದರು. ನಾಚಿಕೆಯಿಂದ ಅವನ ಕಿವಿಗಳು ಬಿಸಿಯಾದವು.

"ಮೋಟಾರ್ಗೆ ಏನೂ ಆಗಿರ್ಲಿಲ್ಲ ಕಣಕ್ಕ. ತಪ್ಪು ನಂದು. ಕೊಬ್ರಿ ಎಣ್ಣೆ ಹುಯ್ದಿದ್ದೆ. ಚಳೀಗೆ ಹೆಪ್ಪುಗಟ್ತಿತ್ತು. ಈಗ ಅದರದ್ದೇ ಎಣ್ಣೆ ಹಾಕಿದೀವಿ, ಫ್ಯೂಸ್ ಹಾಕಿದೀವಿ. ವಾರಕ್ಕೊಂದ್ ಸಲ ತೆಗೆದು ನೋಡ್ತೀನಿ. ನೀನೂ ಬಂದು ನೋಡು."

ಯಾರೋ ಕಿಸಕ್ಕೆಂದರು. ನರಸಿಂಹಮ್ಮ ನಗಲಿಲ್ಲ.

"ಹದಿನೈದು ದಿನದಲ್ಲಿ ಇವತ್ತು ಒಂದ್ ಮಾತು ನಂಬಂಗೆ ಹೇಳ್ದೆ," ಎಂದು ಮಗಳ ಕೈ ಬಿಟ್ಟಳು. "ಹತ್ತವ್ವ, ಹೊತ್ತಾಯ್ತದೆ."

ತ್ರಿವೇಣಿ ದೋಣಿ ಹತ್ತಿ ಪುಸ್ತಕ ಬಿಚ್ಚಿಕೊಂಡು ಕುಳಿತಳು. ಬಸ್ಸು ಬರಲು ಇನ್ನೂ ಹತ್ತು ನಿಮಿಷ ಇರುವಾಗಲೇ ಅವಳು ಈಚೆ ದಡದಲ್ಲಿದ್ದಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಸಂಘದಲ್ಲೂ ಹಳೆಯ ಮಿಷನ್ನು ಇರಬಹುದು. ಅದು ಮೊಂಡು ಹಿಡಿದರೆ ಸುತ್ತಿಗೆ ಎತ್ತುವ ಮೊದಲು ಅದರ ಪುಸ್ತಕ ತೆಗೆಯಿರಿ. ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿ. ಬ್ಯಾಟರಿ ವೈರು, ಫ್ಯೂಸು, ಎಣ್ಣೆ, ಈ ಸುಲಭದವನ್ನು ಮೊದಲು ನೋಡಿ, ಕಷ್ಟದ್ದು ಆಮೇಲೆ. ಫ್ಯೂಸಿನ ಜಾಗಕ್ಕೆ ತಂತಿ ಸುತ್ತಬೇಡಿ, ಕೊಕ್ಕೆ ಹಾಕದೆ ಎತ್ತಿದ ಮೋಟಾರಿನ ಅಡಿಗೆ ಕೈ ಇಡಬೇಡಿ. ಮತ್ತೆ, ರಿಪೇರಿಯವರು ಬಂದಾಗ ನೀವು ಏನೇನು ಮಾಡಿದ್ದೀರೋ ಅದನ್ನು ಮುಚ್ಚಿಡದೆ ಹೇಳಿ. ನಿಮಗೆ ಒಂದು ಗಳಿಗೆ ನಾಚಿಕೆಯಾದೀತು, ಆದರೆ ಆ ದೋಣಿಯಲ್ಲಿ ಕೂರುವುದು ನಿಮ್ಮೂರಿನ ಮಕ್ಕಳೇ.