ನೇಪಾಳದಲ್ಲಿ ಮಾಳಿಂಗ ಮಾಡಿದ ಸೇವೆ

ಶೇವಂತೆವ್ವನ ತಂಗಿ ಸುಜಾತಾ ಆಲಮಟ್ಟಿಯಲ್ಲಿ ಮನೆ ಕಟ್ಟಿಸಿ ಎರಡು ವರ್ಷವಾಗಿದ್ದರೂ ಅಕ್ಕ ಇನ್ನೂ ಅದರ ಹೊಸ್ತಿಲು ತುಳಿದಿರಲಿಲ್ಲ. ವಾಸ್ತುಶಾಂತಿಗೂ ಹೋಗಲಿಲ್ಲ. ಇಂಡಿಯಿಂದ ಆಲಮಟ್ಟಿ ಏನು ಏಳು ಸಮುದ್ರದಾಚೆ ಇದೆಯೇ? ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿ. ಆದರೆ ಆಕೆ ಚೀಲ ತುಂಬಿದಾಗಲೆಲ್ಲ ಗಂಡ ಸಿದ್ದರಾಯ ಮುಖ ಇಳಿಬಿಟ್ಟು, "ನೀ ಹೋದ್ರ ರೊಟ್ಟಿ ಬಡಿಯೋರ ಯಾರು?" ಎನ್ನುತ್ತಿದ್ದ. ಮಗ ಮಾಳಿಂಗನಂತೂ ಉಂಡ ತಾಟಿನಲ್ಲೇ ಕೈ ತೊಳೆದು ಎದ್ದು ಹೋಗುವ ಸರದಾರ. ಕುಡಿಯುವ ನೀರು ಕೂಡ ಕೂತಲ್ಲಿಗೇ ಬರಬೇಕು. ಇಂಥ ಇಬ್ಬರನ್ನು ಬಿಟ್ಟು ಹೋದರೆ ಮನೆ ಮುಳುಗಿಯೇ ಹೋಗುತ್ತದೆ ಎಂದು ಆಕೆಯೂ ನಂಬಿ, ತುಂಬಿದ ಚೀಲವನ್ನು ಮತ್ತೆ ಬಿಚ್ಚುತ್ತಿದ್ದಳು.

ಇಂಥ ಮಾಳಿಂಗನನ್ನು ಕಾಲೇಜಿನವರು ಸಮಾಜಸೇವೆಗೆಂದು ನೇಪಾಳಕ್ಕೆ ಕರೆದುಕೊಂಡು ಹೋದರು! ಒಂದಿಷ್ಟು ಹುಡುಗ ಹುಡುಗಿಯರು, ಜೊತೆಗೆ ಅನಿಲಕುಮಾರ ಮಾಸ್ತರರು. ಮೊದಲು ಗುಡ್ಡದ ಮೇಲಿನ ಒಂದು ಶಾಲೆಯಲ್ಲಿ ಸೇವೆ, ಆಮೇಲೆ ಕಾಠ್ಮಂಡು ನೋಡಿಕೊಂಡು ಬರುವುದು. ನೇಪಾಳ ಪರದೇಶ ಹೌದೋ ಅಲ್ಲವೋ ಎಂದು ಓಣಿಯಲ್ಲಿ ದೊಡ್ಡ ವಾದವೇ ನಡೆಯಿತು. ವೀಸಾ ಕೇಳುವುದಿಲ್ಲವಂತೆ, ಹಾಗಾದರೆ ಅದೆಂಥ ಪರದೇಶ ಎಂದು ಪಕ್ಕದ ಮನೆಯ ದಸ್ತಗೀರಸಾಬ ಕೊಂಕು ತೆಗೆದ. ಶೇವಂತೆವ್ವನಿಗೆ ಅದರ ಗೊಡವೆ ಇರಲಿಲ್ಲ. ಸೇವೆ ಎಂದರೆ ಹುಡುಗ ಬಹಳವೆಂದರೆ ಭಾಷಣ ಮಾಡಿಯಾನು, ಆದರೆ ಹೊಟ್ಟೆಗೇನು ಮಾಡಿಯಾನು ಎಂಬುದೇ ಆಕೆಯ ಚಿಂತೆ. ಒಂದು ಡಬ್ಬಿ ತುಂಬ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸಿದಳು.

ತಿರುಗಿ ಬಂದ ಮೇಲೆ ಕಾಲೇಜಿನಲ್ಲಿ ಸತ್ಕಾರ. ನಮ್ಮ ಕಡೆ ಸತ್ಕಾರಕ್ಕೇನು ಬರ, ಶಾಲು ಮೊದಲು ತರುತ್ತಾರೆ, ಹೊದಿಸಲು ಮನುಷ್ಯನನ್ನು ಆಮೇಲೆ ಹುಡುಕುತ್ತಾರೆ. ತಂದೆತಾಯಂದಿರಿಗೂ ಕರೆ ಬಂದಿತ್ತು. ಗಂಡಹೆಂಡತಿ ಹೊಸ ಬಟ್ಟೆ ಉಟ್ಟು ಹೋಗಿ ಕೂತರು.

ಪರದೆಯ ಮೇಲೆ ಫೋಟೋ ಬಿಟ್ಟರು. ಮೊದಲನೆಯದರಲ್ಲಿ ಮಾಳಿಂಗ ಮೊಣಕಾಲ ತನಕ ಪ್ಯಾಂಟು ಮಡಚಿ, ದೊಡ್ಡದೊಂದು ಬೋಗಾಣಿಯೊಳಗೆ ತಲೆ ಹಾಕಿ ತಿಕ್ಕುತ್ತಿದ್ದಾನೆ. ಮುಂದಿನದರಲ್ಲಿ ಅಂಗಳದ ಕಸ ಹೊಡೆಯುತ್ತಿದ್ದಾನೆ. ಅದರ ಮುಂದಿನದರಲ್ಲಿ ಚಿಕ್ಕ ಮಕ್ಕಳಿಗೆ ಒತ್ತಾಯ ಮಾಡಿ ಅನ್ನ ಬಡಿಸುತ್ತಿದ್ದಾನೆ. ಆ ಶಾಲೆಯ ಅಡುಗೆಯವಳು ಜ್ವರ ಬಂದು ಮಲಗಿದಾಗ ಇಡೀ ಅಡುಗೆಮನೆಯನ್ನು ಮಾಳಿಂಗನೇ ಹೊತ್ತನೆಂದು ಮಾಸ್ತರರು ಬಾಯ್ತುಂಬ ಹೊಗಳಿದರು.

ಶೇವಂತೆವ್ವನಿಗೆ ಮೊದಲು ಕರುಳು ಚುರ್ರೆಂದಿತು. ಕಂಡವರ ಮುಸುರೆ ತಿಕ್ಕಿದನಲ್ಲಾ ನನ್ನ ಮಗ! ಮರುಗಳಿಗೆಯೇ ಸಿಟ್ಟು ನೆತ್ತಿಗೇರಿತು. ಅಂದರೆ ಈ ಭಾಡ್ಯಾನಿಗೆ ತಿಕ್ಕಲು ಬರುತ್ತದೆ! ಇಷ್ಟು ವರ್ಷ ಹೆತ್ತವ್ವನಿಗೇ ಟೋಪಿ ಹಾಕಿದನಲ್ಲಾ!

ಅಷ್ಟರಲ್ಲಿ ಮಾಸ್ತರರು ಆಕೆಯನ್ನು ವೇದಿಕೆಗೆ ಕರೆದು, ಇಂಥ ಮಗನನ್ನು ಹೇಗೆ ಬೆಳೆಸಿದಿರೆಂದು ನಾಲ್ಕು ಮಾತು ಹೇಳಬೇಕೆಂದರು. ಶಾಲು ಹೊದ್ದು ನಿಂತಿದ್ದ ಮಾಳಿಂಗ ಬೇಡವ್ವಾ ಎಂಬಂತೆ ಕಣ್ಣಲ್ಲೇ ಅಂಗಲಾಚಿದ. ಆಕೆ ಮೈಕು ಹಿಡಿದಳು.

"ಈ ಹುಡುಗನ್ನ ನಾ ಇವತ್ತ ನೋಡಾಕತ್ತೇನ್ರಿ. ನಮ್ಮ ಮನ್ಯಾಗ ಇರಾಂವ ಬ್ಯಾರೇನ ಅದಾನ."

ಸಭೆಯೆಲ್ಲ ನಕ್ಕಿತು. ಆಕೆ ನಗಲಿಲ್ಲ.

"ಇರ್ಲಿ, ಚಲೋ ಆತು. ನಾಳಿಗಿ ನಾ ಆಲಮಟ್ಟಿಗೆ ನಮ್ಮ ತಂಗಿ ಮನಿಗೆ ಹೊಂಟೇನಿ. ಅಲ್ಲಿ ಸಾಲಿ ತುಂಬ ಹುಡುಗ್ರಿಗೆ ಮಾಡಿ ಹಾಕ್ಯಾನ, ಇಲ್ಲಿ ಅವರಪ್ಪ ಒಬ್ಬಾಂವಗ ಮಾಡಿ ಹಾಕೋದು ಭಾಳ ಆಗೂದಿಲ್ರಿ."

ಹುಡುಗಿಯರು ಜೋರಾಗಿ ಚಪ್ಪಾಳೆ ತಟ್ಟಿದರು. ಮೈಮೇಲೆ ಸತ್ಕಾರದ ಶಾಲು ಇಟ್ಟುಕೊಂಡು ಆಗುವುದಿಲ್ಲವೆನ್ನಲು ಯಾವ ಮಗನಿಗೆ ಬಾಯಿ ಬರುತ್ತದೆ? ಕೆಳಗೆ ಕೂತಿದ್ದ ಸಿದ್ದರಾಯ ತನ್ನ ಚಪ್ಪಲಿ ನೋಡುತ್ತ ಕುಳಿತ.

ಆಲಮಟ್ಟಿಯಲ್ಲಿ ಶೇವಂತೆವ್ವ ಮೊದಲ ದಿನ ರಾಣಿಯಂತೆ ಕೂತು ಉಂಡಳು. ಫೋನು ಮಾತ್ರ ಮಡಿಲಲ್ಲೇ ಇತ್ತು. ಉಪ್ಪು ಎಲ್ಲಿದೆ, ಸಾರಿಗೆ ಎಷ್ಟು ಖಾರ, ಏನಾದರೂ ಕೇಳಿಯೇ ಕೇಳುತ್ತಾರೆ, ಆಗ ನಾಲ್ಕು ಬೈದು ಹೇಳಿಕೊಡಬೇಕು ಎಂದು ತಯಾರಾಗಿದ್ದಳು. ಫೋನು ಬರಲಿಲ್ಲ. ಮರುದಿನವೂ ಬರಲಿಲ್ಲ. ಸುಜಾತಾ ಆಣೆಕಟ್ಟು, ಉದ್ಯಾನ ಎಲ್ಲ ತೋರಿಸಿದಳು. ಅಕ್ಕನ ಕಣ್ಣು ನೀರಿನ ಮೇಲಿಲ್ಲ, ಫೋನಿನ ಮೇಲೆ. ಕೊನೆಗೆ ತಡೆಯಲಾರದೆ ತಾನೇ ಹಚ್ಚಿ, ಜೀವಂತ ಇದ್ದೀರೋ ಇಲ್ಲವೋ ಎಂದು ಗದರಿದಳು.

"ಎಲ್ಲಾ ಆರಾಮ ಐತಿ ಅವ್ವಾ," ಎಂದ ಮಾಳಿಂಗ. "ಅಪ್ಪ ಹಿಟ್ಟ ನಾದಾಕತ್ತಾನ. ನೀ ಗಡಿಬಿಡಿ ಮಾಡಬ್ಯಾಡ, ಇನ್ನೊಂದ ವಾರ ಇದ್ದು ಬಾ."

ಈ ಒಂದು ಮಾತಿಗಾಗಿ ಆಕೆ ಮದುವೆಯಾದಾಗಿನಿಂದ ಕಾದಿದ್ದಳು. ಕಿವಿಗೆ ಬಿದ್ದಾಗ ಮಾತ್ರ ಕಣ್ಣು ತುಂಬಿ ಬಂದವು. ಸುಜಾತಾ ಗಾಬರಿಯಾಗಿ, ಪಾಪ, ಹಸಿದು ಕೂತಿದ್ದಾರೇನು ಎಂದು ಕೇಳಿದಳು.

"ಹಸದಿದ್ರ ಚಲೋ ಇತ್ತವಾ," ಎಂದಳು ಶೇವಂತೆವ್ವ, ಸೆರಗಿನಿಂದ ಮೂಗೊರೆಸಿಕೊಳ್ಳುತ್ತ. "ನಾ ಇಲ್ದನ ಉಣ್ಣಾಕತ್ತಾರ."

ಆಕೆ ಮನಸಾರೆ ಅತ್ತಳು. ಅತ್ತು ಹಗುರಾದ ಮೇಲೆ, ವಾರವಲ್ಲ, ಹದಿನೈದು ದಿನ ಇದ್ದೇ ಹೋಗುವುದಾಗಿ ತಂಗಿಗೆ ಹೇಳಿದಳು.