ಕಣ್ಣು ಮುಚ್ಚಿದ ನ್ಯಾಯಪೀಠ

ಮೈಸೂರಿನ ಕೋರ್ಟಿನಲ್ಲಿ ಭಾನುಮತಿ ಬಾಯಿ ತೆರೆದರೆ ಎದುರು ವಕೀಲರಿಗೆ ಬೆವರು ಕಿತ್ತುಬರುತ್ತಿತ್ತು. ಗಂಡನಿಗೆ ಜಪಾನಿನ ಯೋಕೋಹಾಮಾಕ್ಕೆ ಪೋಸ್ಟಿಂಗ್ ಆಯಿತು ನೋಡಿ, ಆ ಬಾಯಿಗೆ ಬೀಗ ಬಿತ್ತು. ಒಂಬತ್ತು ವರ್ಷ! ಮೂಲೆ ಅಂಗಡಿಯಲ್ಲಿ ಕ್ಷಮಿಸಿ ಅನ್ನಲು ಸುಮಿಮಾಸೆನ್, ಲಿಫ್ಟಿನಲ್ಲಿ ಧನ್ಯವಾದಕ್ಕೆ ಅರಿಗಾತೋ. ವಾದವೂ ಅಷ್ಟೇ, ಪ್ರತಿವಾದವೂ ಅಷ್ಟೇ.

ಇವತ್ತು ಬಡಾವಣೆಯ ಸಭಾಂಗಣದಲ್ಲಿ ಅವಳ ಉಪನ್ಯಾಸ. ಜನಕ್ಕೆ ಹಿಡಿಸಿದರೆ ತಿಂಗಳಿಗೊಂದು ಶನಿವಾರ ನಿಮ್ಮದೇ ಎಂದು ಸಭಾಂಗಣ ನೋಡಿಕೊಳ್ಳುವ ಓಗಾವಾ ಸಾನ್ ಹೇಳಿದ್ದರು. ಆ ಶನಿವಾರ ಭಾನುಮತಿಗೆ ಬೇಕೇ ಬೇಕಿತ್ತು. ವಿಷಯ, ನಾನೂರು ವರ್ಷದ ಹಿಂದಿನ ಫ್ರಾನ್ಸಿನ ವಕೀಲ ಗಿಯೋಮ್ ತೆರಾಸ್, ಮಹಾ ವಾಗ್ಮಿ. ಜಪಾನಿಯಲ್ಲಿ ಬರೆದು, ಹತ್ತು ವರ್ಷದ ಮಗಳು ನಿಧಿಯಿಂದ ತಿದ್ದಿಸಿ, ಬಾಯಿಪಾಠ ಮಾಡಿದ್ದಳು.

ಶುರುವೇನೋ ಚೆನ್ನಾಗಿತ್ತು. ಬೇಕರಿಯವನ ಮಗ ಗಿಯೋಮ್ ಮೊದಲ ಕೇಸಿನಲ್ಲೇ ಲ್ಯಾಟಿನ್ ಶ್ಲೋಕ ಮರೆತು ನಗೆಪಾಟಲಾದದ್ದು, ಆಮೇಲೆ ಲ್ಯಾಟಿನ್ನನ್ನೇ ಬಿಟ್ಟು ಮನೆಮಾತಿನಲ್ಲಿ ವಾದಿಸಿ ಹೆಸರು ಮಾಡಿದ್ದು, ಮಾಟಗಾತಿ ಎಂಬ ಆರೋಪ ಹೊತ್ತ ಮನೆಗೆಲಸದ ಮಾರ್ಗೋಳ ಪರ ನಿಂತದ್ದು. ಅಲ್ಲಿಗೆ ಬಂದು ಭಾನುಮತಿ ತಲೆಯೆತ್ತಿದಳು. ಇಪ್ಪತ್ತು ಜನ ಹಿರಿಯರು, ಅಷ್ಟೂ ಜನ ಕಣ್ಣು ಮುಚ್ಚಿದ್ದಾರೆ!

ಮೈ ಉರಿದುಹೋಯಿತು. "ಏನ್ರೀ ಇದು?" ಕನ್ನಡ ತಾನಾಗೇ ನುಗ್ಗಿತು. "ಒಬ್ಬ ಹೆಣ್ಣುಮಗಳನ್ನ ಸುಡೋಕೆ ಸೌದೆ ಒಟ್ಟಿದಾರೆ, ನೀವಿಲ್ಲಿ ಗಡದ್ದಾಗಿ ನಿದ್ದೆ ಹೊಡೀತಿದೀರಾ? ನಾಚಿಕೆ ಆಗಲ್ವಾ?"

ನಲವತ್ತು ಕಣ್ಣುಗಳು ತೆರೆದವು. ಮುಂದಿನ ಸಾಲಿನ ಮುದುಕರೊಬ್ಬರು ತಲೆಬಾಗಿಸಿ, ಮನಸ್ಸಿಟ್ಟು ಕೇಳಲೆಂದೇ ಕಣ್ಣು ಮುಚ್ಚಿದ್ದೆವು, ಈಗ ಹೇಳಿದ್ದು ಮಾತ್ರ ತಿಳಿಯಲಿಲ್ಲ, ಮಾರ್ಗೋಗೆ ಏನಾಯಿತು ಎಂದು ಕೇಳಿದರು. ಅಯ್ಯೋ! ನೆಲ ಬಾಯಿ ಬಿಡಬಾರದೇ ಅನ್ನಿಸಿತು ಭಾನುಮತಿಗೆ. ಶನಿವಾರ ಹೋಯಿತು, ಮಾನವೂ ಹೋಯಿತು. ಓಗಾವಾ ಸಾನ್ ಬೇರೆ ಅವಳನ್ನೇ ನೋಡುತ್ತಿದ್ದರು.

ಹಿಂದಿನ ಸಾಲಿನಲ್ಲಿ ನಿಧಿ ಎದ್ದು ನಿಂತಳು. ಅಮ್ಮನ ಬೈಗುಳವನ್ನು ಒಂದಕ್ಷರ ಬಿಡದೆ ಅಚ್ಚ ಜಪಾನಿಗೆ ತಿರುಗಿಸಿ ಹೇಳಿದಳು. ಆಮೇಲೆ ಸೇರಿಸಿದಳು: "ತೂಕಡಿಸುತ್ತಿದ್ದ ನ್ಯಾಯಾಧೀಶರಿಗೆ ವಕೀಲರು ಹೇಳಿದ ಮಾತು ಇದು. ಅವರು ಎದ್ದು ಕೂತರು. ಮಾರ್ಗೋ ಉಳಿದಳು."

ಚಪ್ಪಾಳೆಯೋ ಚಪ್ಪಾಳೆ! ಓಗಾವಾ ಸಾನ್ ಮುಂದಿನ ತಿಂಗಳ ಶನಿವಾರಕ್ಕೆ ಅಲ್ಲೇ ಗುರುತು ಹಾಕಿಕೊಂಡರು.

ಎಲ್ಲರಿಗೂ ಬಗ್ಗಿ ಬಗ್ಗಿ ವಂದಿಸಿ ಹೊರಬಂದ ಮೇಲೆ ಭಾನುಮತಿ ಮಗಳ ಕಿವಿ ಹಿಂಡಿದಳು. "ಗಿಯೋಮ್ ಹಾಗಂತ ಎಲ್ಲೇ ಹೇಳಿದಾನೆ?"

ಯಾವಾಗಲೂ ಜಪಾನಿಯಲ್ಲೇ ಉತ್ತರಿಸುವ ಹುಡುಗಿ ಇವತ್ತು ಕನ್ನಡದಲ್ಲಿ, ತಡೆದು ತಡೆದು ಹೇಳಿದಳು: "ಕೇಸ್ ಗೆದ್ದಾಯ್ತಲ್ಲಮ್ಮ. ಕ್ಲೈಂಟ್ ಈಗ ಸುಮ್ನಿರ್ಬೇಕು."